ಝಂಝಂ ಕುಡಿದ ಕಾರು

ಮೇ 11, 2017, ಗುರುವಾರ

ಟರ್ಬೊ ಕಾರಿಗೆ ಮತ್ತೆ ಜ್ವರ. ಮಕ್ಕಾದ ಉಮ್ರಾ ಯಾತ್ರೆ ಮುಗಿಸಿ ದುಬೈಗೆ ಬಂದಿಳಿದ ಉಮ್ಮನನ್ನು ಅಬುಧಾಬಿಗೆ ಕರೆತರುವಾಗ ಅರ್ಧದಾರಿಯಲ್ಲಿ ಕೂಲಂಟ್ ಪೈಪ್ ಸೋರಿ, ಎಸಿಯೂ ನಿಂತಿತು. ಕಂಪನಿಯವರು ‘ಕಾಂಪ್ಯಾಕ್ಟ್’ ಅಂದದ್ದು ಬಹುಶಃ ಅದರ ತಾಳ್ಮೆಯನ್ನು.

ಎಂಜಿನ್ ತಣಿಯಲೆಂದು ದಾರಿಬದಿಯಲ್ಲಿ ಕಾದೆವು. ದೂರದ ರಸ್ತೆ ಬಿಸಿಲಿಗೆ ನೀರಿನಂತೆ ತೇಲುತ್ತಿತ್ತು. ಕಣ್ಣಿಗೆ ಸಮುದ್ರ, ಕಾರಿಗೆ ಹನಿಯಿಲ್ಲ. ಉಮ್ಮನ ಮುಖ ಬಾಡತೊಡಗಿತು. ಡಿಕ್ಕಿಯಲ್ಲಿದ್ದದ್ದು ಪವಿತ್ರ ಝಂಝಂ ನೀರಿನ ಕ್ಯಾನ್ ಒಂದೇ. ಮಂಗಳೂರಿನಲ್ಲಿ ಹಾಸಿಗೆ ಹಿಡಿದಿರುವ ಉಮ್ಮನ ತಂಗಿ, ನನ್ನ ಇಳೆಯುಮ್ಮ ಝುಬೈದಾಳಿಗೆಂದು ಮಕ್ಕಾದಿಂದ ಜೋಪಾನವಾಗಿ ತಂದದ್ದು.

ಉಮ್ಮ ಒಂದು ಗುಟುಕು ಕುಡಿದು, “ಇನ್ನು ಇದಕ್ಕೆ ಹೊಯ್ಯಿ ಮೋನೆ,” ಎಂದರು.

“ಕಾರಿಗಾ ಉಮ್ಮಾ? ಗುನಾಹ್ ಆಗ್ಲಿಕ್ಕಿಲ್ವಾ?”

“ಬಾಯಾರಿದವರಿಗೆ ನೀರು ಕೊಟ್ರೆ ಎಂಥ ಗುನಾಹ್?”

ಬಿಸ್ಮಿಲ್ಲಾ ಎಂದು ಹೊಯ್ದೆ. ಅಬುಧಾಬಿ ಹತ್ತಿರದ ಮುಸಫ್ಫಾದ ಗ್ಯಾರೇಜಿನವರೆಗೂ ಕಾರು ಕನಸಿನಲ್ಲಿ ನಡೆದಂತೆ ಬಂತು. ಪಕ್ಕದಲ್ಲಿ ಉಮ್ಮ ತಸ್ಬೀಹ್ ಮಣಿಸರ ಹಿಡಿದೇ ನಿದ್ದೆಹೋಗಿದ್ದರು. ಝುಬೈದಾ ಇಳೆಯುಮ್ಮನ ಪಾಲನ್ನು ಕಾರಿಗೆ ಕುಡಿಸಿದೆನಲ್ಲ ಎಂಬುದೊಂದೇ ನನ್ನ ಕೊರಗು.

ಈಗ ಉಮ್ಮ ಆಚೆ ಕೋಣೆಯಿಂದ ತಂಗಿಗೆ ಫೋನು ಮಾಡುತ್ತಿದ್ದಾರೆ:

“ಅರ್ಧ ಕ್ಯಾನ್ ಉಂಟು ಝುಬೈದಾ, ನಿಂಗೆ ಸಾಕು. ಉಳಿದದ್ದು ದಾರೀಲಿ ಒಬ್ರು ಕುಡಿದ್ರು. ಪಾಪ, ಮೈಯೆಲ್ಲ ಸುಡ್ತಿತ್ತು.”

ಆ ಕಡೆಯಿಂದ ಯಾರೆಂದು ಕೇಳಿರಬೇಕು.

“ನಮ್ಮ ಮನೆಯವ್ರೇ,” ಎಂದರು ಉಮ್ಮ.