ಗೇಟು ತೆಗೆಸಿ, ‘ಬರ್ತೀನಿ’ ಅಂದುಬಿಟ್ಟಿದ್ದೇನೆ

ಸುರಕ್ಷತೆ ಮತ್ತು ಸಂಚಾರ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಮ್ಮ ನೆರವು ಸಂಸ್ಥೆಯ ಗೇಟಿನಿಂದ ಎರಡು ಬೀದಿ ಆಚೆಗಿರುವ ಒಂದು ಮನೆಗೆ ಹೋಗಲು ನೀವು ನನ್ನನ್ನು ಬಿಡುತ್ತಿಲ್ಲ. ತಕರಾರು ಇಷ್ಟೇ. ನಿಮಗೆ ಕನ್ನಡ ಬಾರದೆಂದು ಬಲ್ಲೆ. ಆದರೂ ಕನ್ನಡದಲ್ಲೇ, ನಮ್ಮೂರ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ; ಏಕೆಂದರೆ ಅಪರಾಧ ನಡೆದಿರುವುದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಸಲ್ಲಿಸಿದ ಮನವಿಗಳಿಗೆಲ್ಲ ‘ಭೇಟಿಯ ಉದ್ದೇಶ ಈಗಾಗಲೇ ಈಡೇರಿದೆ’ ಎಂಬ ಒಂದೇ ಸಾಲಿನ ಉತ್ತರ ಬಂದಿದೆ. ನಿಮಗೆ ಬರುವ ಭಾಷೆಯಲ್ಲಿ ಬರೆದರೂ ಅರ್ಥವಾಗದ ಮೇಲೆ ಭಾಷೆ ಯಾವುದಾದರೇನು?

ಪರದೇಶದಲ್ಲಿ ಜನಸೇವೆ ಮಾಡುವವನ ವೈಭವ ಓದುಗರಿಗೂ ತಿಳಿಯಲಿ. ನಾನು ಕೃತಕ ಕಾಲು ಜೋಡಿಸುವವನು. ಊರಿನವರನ್ನೆಲ್ಲ ನಡೆಸುವುದು ನನ್ನ ಕಸುಬು. ನಾನು ನಡೆಯುವುದು ಮಾತ್ರ ನಿಮ್ಮ ನಿಯಮದ ಪ್ರಕಾರ ಗಂಡಾಂತರ. ಎದುರಿನ ಅಂಗಡಿಯಿಂದ ಬ್ರೆಡ್ಡು ತರಬೇಕಾದರೆ ಜೀಪು ಹತ್ತಬೇಕು, ಹತ್ತಿದೆನೆಂದು ವಾಕಿಟಾಕಿಯಲ್ಲಿ ಸಾರಬೇಕು, ಇಳಿದೆನೆಂದು ಮತ್ತೆ ಸಾರಬೇಕು; ಅಷ್ಟರಲ್ಲಿ ಅಂಗಡಿಯವನು ಬಾಗಿಲು ಎಳೆದುಕೊಂಡಿರುತ್ತಾನೆ. ವಸತಿಗೃಹದಲ್ಲಿ ನಾನಾ ದೇಶದ ನಮಗೆಲ್ಲ ಸೇರಿ ಒಂದೇ ಫ್ರಿಜ್ಜು. ಲೋಕದ ಹಸಿವು ನೀಗಿಸಲು ಬಂದ ಮಹನೀಯರು ಹಾಲಿನ ಡಬ್ಬಿಗೆ ‘ನನ್ನದು, ಮುಟ್ಟಬೇಡಿ’ ಎಂದು ಚೀಟಿ ಅಂಟಿಸುತ್ತೇವೆ.

“ಊರೆಲ್ಲ ನೋಡಿದ್ಯೇನೋ?” ಎಂದು ಅಕ್ಕ ಫೋನಿನಲ್ಲಿ ಕೇಳುತ್ತಾಳೆ.

“ನೋಡ್ದೆ ಅಕ್ಕಾ, ಕಿಟಕಿಯಿಂದ.”

“ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತಾ? ನಮ್ಮನೇಲೂ ಕಿಟಕಿ ಇತ್ತಲ್ಲೋ!”

ಇದನ್ನೆಲ್ಲ ಸಹಿಸಿದ್ದೇನೆ. ಸಹಿಸಲಾಗದಿರುವುದು ಆ ಎರಡು ಬೀದಿ ಆಚೆಯ ಮನೆಯಲ್ಲೇ ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮನ ವಿಷಯ. ಅವರ ಎಡಗಾಲು ಮೊಣಕಾಲಿನ ಕೆಳಗಿಲ್ಲ. ನೀವು ಬಿಟ್ಟ ಒಂದೇ ಸಲ ಅಲ್ಲಿಗೆ ಹೋಗಿ, ಹೊಸ ಕಾಲು ಜೋಡಿಸಿ, ಎಬ್ಬಿಸಿ ನಿಲ್ಲಿಸಿ, ಹೊಲಿಗೆ ಯಂತ್ರದವರೆಗೆ ನಡೆಸಿದೆ. ಹೊರಡುವಾಗ ಇಲ್ಲಿಯ ಭಾಷೆಯಲ್ಲಿ, ಹರಕುಮುರುಕಾಗಿ ಕಲಿತದ್ದನ್ನೆಲ್ಲ ಒಟ್ಟುಗೂಡಿಸಿ, ಕೈಮುಗಿದು ನಮ್ಮ ಕನ್ನಡದ ಮಾತನ್ನೇ ಹೇಳಿದೆ: “ಹೋಗಿ ಬರ್ತೀನಿ.”

ಮಾನ್ಯರೇ, ನಮ್ಮಲ್ಲಿ ಹೊರಡುವವನು ಬರಿದೇ “ಹೋಗ್ತೀನಿ” ಅನ್ನುವಂತಿಲ್ಲ. ಅಂದರೆ ಮನೆಯ ಹಿರಿಯರು, “ಬಿಡ್ತು ಅನ್ನು! ಹೋಗಿ ಬರ್ತೀನಿ ಅನ್ನೋಕೆ ಏನು ದಾಡಿ?” ಎಂದು ಗದರುತ್ತಾರೆ. ಇನ್ನೆಂದೂ ಈ ಕಚೇರಿಯ ಮೆಟ್ಟಿಲು ತುಳಿಯಬಾರದೆಂದು ನಿಶ್ಚಯಿಸಿದ ಮನುಷ್ಯನೂ ಗುಮಾಸ್ತರಿಗೆ “ಬರ್ತೀನಿ ಸಾರ್” ಎಂದೇ ಕಳಚಿಕೊಳ್ಳುತ್ತಾನೆ. ಇಡೀ ನಾಡಿನಲ್ಲಿ ಯಾರೂ ಇದನ್ನು ಮಾತು ಕೊಟ್ಟಂತೆ ಎಂದು ಭಾವಿಸಿದ್ದಿಲ್ಲ. ಟೈಲರಮ್ಮ ಭಾವಿಸಿದರು.

ಮೊನ್ನೆ ನಮ್ಮ ಡ್ರೈವರ್, ಅವರೂ ಟೈಲರಮ್ಮನ ಬೀದಿಯವರು, ಇಂಗ್ಲಿಷಿನಲ್ಲಿ ಕೇಳಿದರು: “ಸಾರ್, ಟೈಲರಮ್ಮನ ಹತ್ರ ಯಾವಾಗ ಹೋಗ್ತೀರಾ? ಕಾಲು ಉಜ್ಜಿ ಉಜ್ಜಿ ಗಾಯ ಆಗಿದೆ. ಅಂಗಡೀನೂ ತೆಗೀತಿಲ್ಲ.”

“ಅಯ್ಯೋ! ಜೀಪಲ್ಲಿ ಇಲ್ಲಿಗೇ ಕರ್ಕೊಂಡು ಬನ್ನಿ.”

“ಕರೆದೆ ಸಾರ್. ‘ಬರ್ತೀನಿ ಅಂದೋರು ಬರೋಕೆ ಮುಂಚೆ ನಾನೇ ಹೋಗಿ ನಿಂತ್ರೆ, ಅವರನ್ನ ನಂಬಲಿಲ್ಲ ಅಂತ ಆಗಲ್ವಾ?’ ಅಂತಾರೆ.”

“ಅದು ನಮ್ಮೂರ ಕಡೆ ಸುಮ್ನೆ ಹೇಳೋ ಮಾತು ಅಂತ ಹೇಳ್ಬೇಕಿತ್ತು.”

“ಹೇಳ್ದೆ. ನಕ್ಕುಬಿಟ್ರು. ‘ಬರ್ತೀನಿ ಅನ್ನೋದಕ್ಕೆ ಬರ್ತೀನಿ ಅಂತಲ್ದೆ ಇನ್ನೇನಪ್ಪಾ ಅರ್ಥ?’ ಅಂದ್ರು.”

ಕೂಡಲೇ ನಿಮಗೆ ಮನವಿ ಸಲ್ಲಿಸಿದೆ. ನಿಮ್ಮ ನಿಯಮ ಹೀಗಿದೆ: ಒಂದು ಮನೆಗೆ ಒಂದೇ ಭೇಟಿ, ಎರಡನೆಯದು ಪಕ್ಷಪಾತ. ಎಂಥ ಸಮದರ್ಶಿತ್ವ! ಹೊಸ ಕಾಲು ಯಾರಿಗೂ ಮೊದಲ ಸಲಕ್ಕೇ ಸರಿಯಾಗಿ ಕೂರುವುದಿಲ್ಲ, ಸ್ವಾಮಿ. ಹೊಸ ಚಪ್ಪಲಿ ಕಚ್ಚಿದರೆ ನೀವು ಬಿಚ್ಚಿ ಮೂಲೆಗೆ ಎಸೆಯುತ್ತೀರಿ. ಆಕೆ ಕಾಲನ್ನೇ ಬಿಚ್ಚಿಡಬೇಕು. ಗಾಯ ಕೀವುಗಟ್ಟಿ ಮೇಲಕ್ಕೇರಿದರೆ ಮೊಣಕಾಲನ್ನೂ ತೆಗೆಯಬೇಕಾದೀತು. ಆಗಲೂ ನಿಮ್ಮ ವರದಿಯಲ್ಲಿ ಆಕೆ ‘ಫಲಾನುಭವಿ’ಯೇ ತಾನೆ? ಯಾವ ಫಲ, ಏನು ಅನುಭವ ಎಂದು ಯಾರು ಕೇಳುತ್ತಾರೆ?

ಆ ಬೀದಿಯಲ್ಲಿ ಅಪಾಯವಿದೆ ಎನ್ನುತ್ತೀರಿ. ಇರಬಹುದು, ಅಲ್ಲಗಳೆಯುವುದಿಲ್ಲ. ಆದರೆ ಜೀಪಿನಲ್ಲಿ ನಮ್ಮನ್ನು ಜೋಪಾನವಾಗಿ ಇಳಿಸಿದ ಮೇಲೆ ಡ್ರೈವರ್ ಅದೇ ಬೀದಿಯಲ್ಲಿ ಮನೆಗೆ ನಡೆದುಹೋಗುತ್ತಾರೆ. ಅವರ ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತವೆ. ಅಪಾಯಕ್ಕೂ ನಮ್ಮ ಗುರುತಿನ ಚೀಟಿ ಓದಲು ಬರುತ್ತದೆಯೇ? ನಮ್ಮ ತಾರಸಿಯಿಂದ ನೋಡಿದರೆ ಟೈಲರಮ್ಮನ ಅಂಗಡಿಯ ನೀಲಿ ಬಾಗಿಲು ಕಾಣುತ್ತದೆ. ಮುಚ್ಚೇ ಇರುತ್ತದೆ. ಕಾಫಿ ಲೋಟ ಹಿಡಿದು ಅಲ್ಲಿ ನಿಲ್ಲುವುದನ್ನು ನಾನೀಗ ಬಿಟ್ಟಿದ್ದೇನೆ.

ಆದ್ದರಿಂದ ನನ್ನ ಬೇಡಿಕೆ: ನಾಳೆ ಬೆಳಿಗ್ಗೆ ಗೇಟು ತೆಗೆಸಿ. ಜೀಪು ಬೇಡ, ಬೆಂಗಾವಲು ಬೇಡ. ಗಾಯದ ಮದ್ದು, ಮೆತ್ತನೆಯ ಪಟ್ಟಿ, ಸ್ಕ್ರೂಡ್ರೈವರು ಚೀಲದಲ್ಲಿವೆ. ಆಗದು ಎನ್ನುವುದಾದರೆ, ನಾನು ಯಾಕೆ ಬರುವುದಿಲ್ಲ ಎಂದು ಟೈಲರಮ್ಮನಿಗೆ ನೀವೇ ಒಂದು ಸಾಲು ಬರೆದುಕೊಡಿ, ಡ್ರೈವರ್ ಓದಿ ಹೇಳುತ್ತಾರೆ. ದಯವಿಟ್ಟು ಎಚ್ಚರಿಕೆಯಿಂದ ಬರೆಯಿರಿ. ಆಕೆ ಹೇಳಿದ್ದನ್ನು ಹೇಳಿದ ಹಾಗೇ ನಂಬುವವರು.

ಇಂತಿ,
ಎರಡು ಕಾಲೂ ಗಟ್ಟಿಯಿದ್ದು ನಡೆಯಲು ಅಪ್ಪಣೆಯಿಲ್ಲದ,
ನಿಮ್ಮದೇ ಕೃತಕ ಕಾಲು ವಿಭಾಗದ ನೌಕರ