ಎಣ್ಣೆಗೆ ಅಳಿಸಿಹೋದ ಪೆನ್ನಿನ ಗುರುತು

ಲಕ್ಷ್ಮೀಶ,

ಗಾಂಧಿ ಬಜಾರಿನ ಕ್ಲಿನಿಕ್ಕಿಗೆ ಆಟೋದಲ್ಲಿ ಒಬ್ಬಳೇ ಹೊರಟಿದ್ದೇನೆ. ಇವತ್ತೇ ಇಂಜೆಕ್ಷನ್.

ಅತ್ತೆಯನ್ನು ಬೈಯಬೇಡ. ಎಲ್ಲೆಲ್ಲಿ ಚುಚ್ಚಬೇಕೆಂದು ಡಾಕ್ಟರು ನಿನ್ನೆ ನನ್ನ ಬೆನ್ನು ಒತ್ತಿ ನೋಡಿ ಪೆನ್ನಿನಲ್ಲಿ ಹಾಕಿದ್ದ ಗುರುತುಗಳು, ರಾತ್ರಿ ಅತ್ತೆ ಎಣ್ಣೆ ತಿಕ್ಕಿದ್ದಕ್ಕೆ ಅಳಿಸಿಹೋದವು. "ಪಾಪ, ಎಷ್ಟು ನರಳ್ತೀಯಮ್ಮ" ಅಂತ ಪ್ರೀತಿಯಿಂದಲೇ ತಿಕ್ಕಿದರು. ಇನ್ನು ಬೆನ್ನಿನ ಒಂದೊಂದು ನೋವಿನ ಗಂಟನ್ನೂ ಮತ್ತೆ ಒತ್ತಿಸಿಕೊಂಡು ಕಿರುಚಬೇಕು.

ಬಟ್ಟೆ ನೀನೇ ಒಣಗಿಸು, ನನ್ನ ಕೈ ತಂತಿಯವರೆಗೆ ಏಳುವುದಿಲ್ಲ.

"ರಿಪೋರ್ಟ್ ನಾರ್ಮಲ್ ಇದ್ಯಲ್ಲ" ಅಂತ ಫೋನ್ ಮಾಡಿ ತಡೆಯಬೇಡ. ಮೈಯೆಲ್ಲ ನೋಯಿಸುವ ಈ ಫೈಬ್ರೊಮಯಾಲ್ಜಿಯ ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ ಎಂದು ಡಾಕ್ಟರು ನಿನ್ನೆದುರೇ ಹೇಳಿದರು; ನೀನು ಮೊಬೈಲ್ ನೋಡುತ್ತಿದ್ದೆ. ಈ ಇಂಜೆಕ್ಷನ್ನೂ ಕೈಕೊಟ್ಟರೆ ನನಗೆ ಬೇರೆ ದಾರಿಯೇ ಇಲ್ಲ.

ಮಧ್ಯಾಹ್ನ ಕರೆದುಕೊಂಡು ಹೋಗಲು ಬಾ. ಹೇಗಿದ್ದಾಳೆಂದು ಡಾಕ್ಟರನ್ನು ಕೇಳಬೇಡ. ನನ್ನನ್ನು ಕೇಳು. ನಾನು ಹೇಳಿದ್ದನ್ನು ನಂಬು.

ಭಾಗ್ಯ