ತೊಳೆದ ಪಿಯಾನೊ

ಶಿಗ್ಗಾವಿ
೧೨ ಮೇ ೧೯೮೩

ಅಕ್ಕಿಆಲೂರಿನ ಪರಮೇಶಪ್ಪನವರಿಗೆ ಉಡಚಪ್ಪನ ನಮಸ್ಕಾರ.

ನಿಮ್ಮ ಕಾಗದ ಮುಟ್ಟಿತು. ನಿಮ್ಮ ಮಗನ ಮದುವಿಗೆ ಬರೋ ಹಾನಗಲ್ಲಿನ ಸಾಹೇಬ್ರಿಗೆ ನನ್ನ ಸಂಗೀತನ ಬೇಕಂತ. ಪಿಯಾನೊದ ಪಟ್ಟಿ ಒತ್ತಿದ್ರ ಮ್ಯಾಲ ಏಳವಲ್ಲವು, ಮೊದಲ ಬಂದು ರಿಪೇರಿ ಮಾಡು ಅಂತನೂ ಬರದೀರಿ.

ಹೋದ ವರ್ಷ ನಿಮ್ಮ ಪಡಸಾಲ್ಯಾಗ ನಾ ನುಡಿಸಿದ್ದು ನೆನಪೈತಿ. ಬಹರೇನಿನ ಹೋಟೆಲಿನಾಗ ಪಿಯಾನೊ ನುಡಸಾಕ ಇದ್ದಾಗ ಬಾಗ್ದಾದಿನ ಮುದುಕರೊಬ್ಬರು ಕಲಿಸಿದ ಅರಬ್ಬಿ ರಾಗಕ್ಕ, ಗೋವಾದ ಗೆಳೆಯರ ಜಾಝ್ ಕೂಡಿಸಿ ಕಟ್ಟಿದ್ದು ಅದು. ಮುಗಿದ ಕೂಡಲೇ ನೀವು ಓಡಿ ಬಂದು ನನ್ನ ತಬ್ಬಿಕೊಂಡ್ರಿ. ಅಷ್ಟರಾಗ ಯಾರೋ ಅಂಗಳದಾಗ ನಿಂತ ನಮ್ಮವ್ವನ್ನ ತೋರಿಸಿ, "ನಿಮ್ಮ ಶಿಗ್ಗಾವಿ ಗಿರಣಿ ಕಸ ಹೊಡಿಯೂ ಗುತ್ತೆವ್ವನ ಮಗಾರಿ ಇಂವ" ಅಂದ್ರು. "ಮೊದಲ ಹೇಳಬಾರದೇನು?" ಅಂತ ನೀವು ಕೈ ಬಿಟ್ರಿ. ನಾವು ಅಂಗಳ ದಾಟೂದ್ರಾಗ ಪಿಯಾನೊದ ಮ್ಯಾಲ ಕೊಡಗಟ್ಟಲೆ ನೀರು, ಗೋಮೂತ್ರ ಸುರುವಿಸಿದ್ರಿ. ಅವ್ವ ತಿರುಗಿ ನೋಡಿದಳು.

ನಿಮ್ಮ ಅತ್ತರಿನ ವಾಸನಿ ನನ್ನ ಅಂಗಿಗೆ ಹತ್ತಿತ್ತು. ಮನಿಗೆ ಬಂದು ಆ ಅಂಗಿ ಬಿಚ್ಚಿ ಒಲಿಗೆ ಹಾಕಿದೆ. ಈಗ ನೆನಸಿದ್ರೂ ಹೇಸಿಗಿ ಬರತೈತಿ. ಪಟ್ಟಿ ಹಂಗ ಇರ್ಲಿ, ನಾ ಬರೂದಿಲ್ಲ.

ಆದ್ರ ಕಾಗದದ ಕೆಳಗ ನಿಮ್ಮ ಮಗಳು ಸುಶೀಲವ್ವ, "ನನಗೂ ಕಲಿಸ್ರಿ ಮಾಸ್ತರ" ಅಂತ ಬರದಾಳ. ಆಕಿಗೆ ಇಲ್ಲ ಅನ್ನೂದಿಲ್ಲ. ಶಿಗ್ಗಾವಿಗೆ ಕಳಸ್ರಿ. ಮೊದಲ ನಮ್ಮವ್ವ ಮಾಡಿದ ಚಾ ಕುಡೀಬೇಕು, ಆಮ್ಯಾಲ ಪಾಠ.

ಇಷ್ಟ ಬರಿಯೂದಿತ್ತು.
ಉಡಚಪ್ಪ